1868ರ ಕಾಯಿದೆಯ ನಂತರವೂ ಅಫೀಮಿನ ಔಷಧಿಗಳು ಮುಕ್ತವಾಗಿ ಮಾರಾಟವಾದದ್ದು ಹೇಗೆ?

ಪ್ರಶ್ನೆ

ಬ್ರಿಟನ್ನಿನಲ್ಲಿ 1868ರ ಫಾರ್ಮಸಿ ಕಾಯಿದೆಯು ಅಫೀಮನ್ನು ವಿಷಗಳ ಪಟ್ಟಿಗೆ ಸೇರಿಸಿ, ಅದರ ಮಾರಾಟವನ್ನು ನೋಂದಾಯಿತ ಔಷಧಿ ವ್ಯಾಪಾರಿಗಳಿಗೆ ಸೀಮಿತಗೊಳಿಸಿತು. ಆದರೆ ಅಫೀಮಿನ ಅಂಶವಿದ್ದ ಕ್ಲೋರೋಡೈನ್‌ನಂತಹ ಪೇಟೆಂಟ್ ಔಷಧಿಗಳು (ಘಟಕಗಳನ್ನು ಗುಟ್ಟಾಗಿಟ್ಟು ತಯಾರಕರು ತಮ್ಮದೇ ಹೆಸರಿಟ್ಟು ಮಾರುತ್ತಿದ್ದ ಸಿದ್ಧ ಔಷಧಿಗಳು) ಆಮೇಲೂ ಯಾವ ಅಡ್ಡಿಯಿಲ್ಲದೆ ಸಿಗುತ್ತಿದ್ದವು. ಕಾನೂನು ಇವನ್ನು ಬಿಟ್ಟದ್ದೇಕೆ? ಇವುಗಳಿಗಿಂತ ಆ ಕಾಲದ ಮನೆಮದ್ದುಗಳು ಸುರಕ್ಷಿತವಾಗಿದ್ದವೇ?

ಉತ್ತರ 1

ಆ ಕಾಯಿದೆಯಲ್ಲಿಯೇ ಪೇಟೆಂಟ್ ಔಷಧಿಗಳಿಗೆ ವಿನಾಯಿತಿಯಿತ್ತು. ಇವುಗಳಲ್ಲಿ ಹೆಚ್ಚಿನವುಗಳಿಗೆ ಪೇಟೆಂಟ್ ಇರಲೇ ಇಲ್ಲ. ಪೇಟೆಂಟ್ ಪಡೆಯಬೇಕಾದರೆ ಘಟಕಗಳನ್ನು ಬಹಿರಂಗಪಡಿಸಬೇಕಿತ್ತು, ತಯಾರಕರಿಗೋ ಗುಟ್ಟೇ ಬಂಡವಾಳ. ಇದರ ಜೊತೆಗೆ 1812ರ ಕಾಯಿದೆಯ ಪ್ರಕಾರ ಇಂತಹ ಔಷಧಿಗಳಿಗೆ ತೆರಿಗೆ ಕಟ್ಟಿ, ಸರ್ಕಾರದ ಮುದ್ರೆಯ ಚೀಟಿಯನ್ನು ಅಂಟಿಸಬೇಕಿತ್ತು. ಒಂದು ಶಿಲ್ಲಿಂಗಿನವರೆಗಿನ ಬೆಲೆಗೆ ಒಂದೂವರೆ ಪೆನ್ನಿ ತೆರಿಗೆಯಿದ್ದುದರಿಂದಲೇ ಅಷ್ಟೊಂದು ಔಷಧಿಗಳ ಬೆಲೆ ಒಂದು ಶಿಲ್ಲಿಂಗ್ ಒಂದೂವರೆ ಪೆನ್ನಿ ಎಂದಿರುತ್ತಿತ್ತು. ಕೊಳ್ಳುವವರು ಆ ಮುದ್ರೆಯನ್ನು ಸರ್ಕಾರದ ಮೆಚ್ಚುಗೆಯೆಂದೇ ತಿಳಿಯುತ್ತಿದ್ದರು, ಮಾರುವವರು ಆ ತಪ್ಪು ತಿಳುವಳಿಕೆಯನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಕ್ಲೋರೋಡೈನ್‌ಗೆ ‘ವಿಷ’ ಎಂಬ ಚೀಟಿ ಕಡ್ಡಾಯವಾದದ್ದು 1892ರಲ್ಲಿ ಅದರ ತಯಾರಕರ ಮೇಲೆ ನಡೆದ ಮೊಕದ್ದಮೆಯ ನಂತರ.

ಉತ್ತರ 2

ಮನೆಮದ್ದು, ಅಂಗಡಿ ಮದ್ದು ಎಂಬ ಗೆರೆಯನ್ನು ಅಷ್ಟು ಸ್ಪಷ್ಟವಾಗಿ ಎಳೆಯಲಾಗದು. ಎದೆಗೆ ಹೆಬ್ಬಾತಿನ ಕೊಬ್ಬು ಸವರುವುದು, ಸಾಸಿವೆಯ ಪಟ್ಟು ಹಾಕುವುದು, ಅಗಸೆಬೀಜವನ್ನು ಅರೆದು ಬಿಸಿಯಾಗಿ ಕಟ್ಟುವುದು ಇವೆಲ್ಲ ಬಹುಮಟ್ಟಿಗೆ ನಿರಪಾಯಕಾರಿ. ಆದರೆ 1861ರಲ್ಲಿ ಪುಸ್ತಕವಾಗಿ ಬಂದ ಶ್ರೀಮತಿ ಬೀಟನ್ ಅವರ ಗೃಹನಿರ್ವಹಣೆಯ ಕೈಪಿಡಿಯು ಮನೆಯಲ್ಲಿರಬೇಕಾದ ಔಷಧಿಗಳ ಪಟ್ಟಿಯಲ್ಲಿ ಅಫೀಮಿನ ಪುಡಿ, ಲಾಡನಂ (ಮದ್ಯಸಾರದಲ್ಲಿ ಕರಗಿಸಿದ ಅಫೀಮು) ಮತ್ತು ಪಾದರಸದ ಕ್ಯಾಲೊಮೆಲ್‌ಗಳನ್ನು ಸೇರಿಸಿತ್ತು. ಪೂರ್ವ ಇಂಗ್ಲೆಂಡಿನ ಜೌಗು ಪ್ರದೇಶವಾದ ಫೆನ್ಸ್‌ನಲ್ಲಿ ಚಳಿಜ್ವರಕ್ಕೆ ಗಸಗಸೆ ಕಾಯಿಯ ಕಷಾಯವೇ ಮನೆಮದ್ದು.

ಅತ್ಯಂತ ದಾರುಣವಾದದ್ದು ಮಕ್ಕಳ ವಿಷಯ. ಅಫೀಮನ್ನು ಸಕ್ಕರೆ ಪಾಕದಲ್ಲಿ ಬೆರೆಸಿದ ಗಾಡ್‌ಫ್ರೀಸ್ ಕಾರ್ಡಿಯಲ್ ಅನ್ನು ಔಷಧಿ ಅಂಗಡಿಯವರು ತಾವೇ ತಯಾರಿಸುತ್ತಿದ್ದುದರಿಂದ ಅದರ ತೀವ್ರತೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತಿತ್ತು. ತಾಯಿ ಕಾರ್ಖಾನೆಗೆ ಹೋದಾಗ ಕೂಸನ್ನು ನೋಡಿಕೊಳ್ಳುತ್ತಿದ್ದವರು ಅದನ್ನು ಕುಡಿಸಿ ಮಲಗಿಸುತ್ತಿದ್ದರು. ಪ್ರಮಾಣ ಮೀರಿ ಸತ್ತ ಕೂಸುಗಳಷ್ಟೇ ಅಲ್ಲ, ಮಂಪರಿನಲ್ಲಿ ಹಸಿವಿಗೂ ಅಳದೆ ದಿನದಿಂದ ದಿನಕ್ಕೆ ಸೊರಗಿ ಸತ್ತವುಗಳೂ ಇದ್ದವು, ಮತ್ತು ಅಂತಹ ಸಾವುಗಳಿಗೆ ಬೇರೆಯೇ ಕಾರಣ ದಾಖಲಾಗುತ್ತಿತ್ತು.

ಉತ್ತರ 3

ಎಲ್ಲ ಪೇಟೆಂಟ್ ಔಷಧಿಗಳೂ ವಿಷವಾಗಿರಲಿಲ್ಲ ಎಂಬುದನ್ನು ಸೇರಿಸಬಯಸುತ್ತೇನೆ. ‘ಪೆಟ್ಟಿಗೆಗೆ ಒಂದು ಗಿನಿ (ಬ್ರಿಟನ್ನಿನ ಹಳೆಯ ಚಿನ್ನದ ನಾಣ್ಯ) ಬೆಲೆಬಾಳುತ್ತದೆ’ ಎಂದು ಪ್ರಚಾರ ಪಡೆದ ಬೀಚಮ್ಸ್ ಗುಳಿಗೆಯಲ್ಲಿದ್ದುದು ಲೋಳೆಸರದ ಸಾರ, ಶುಂಠಿ ಮತ್ತು ಸಾಬೂನು, ಅಂದರೆ ಅದೊಂದು ಸಾಧಾರಣ ಭೇದಿ ಮಾತ್ರೆ. ಥಾಮಸ್ ಹಾಲೊವೆಯವರಂತೂ ಗುಳಿಗೆ, ಮುಲಾಮುಗಳ ಜಾಹೀರಾತಿನಿಂದ ಗಳಿಸಿದ ಹಣದಲ್ಲಿ ಮಹಿಳೆಯರಿಗಾಗಿ ಕಟ್ಟಿಸಿದ ಕಾಲೇಜನ್ನು 1886ರಲ್ಲಿ ರಾಣಿಯೇ ಉದ್ಘಾಟಿಸಿದರು. ಇಂತಹವರ ಜಾಹೀರಾತಿನ ಹಣ ಪತ್ರಿಕೆಗಳಿಗೂ ಆಧಾರವಾಗಿತ್ತು. ಹಾಗಾಗಿ ಬ್ರಿಟಿಷ್ ವೈದ್ಯಕೀಯ ಸಂಘವು ಈ ಔಷಧಿಗಳನ್ನು ಪರೀಕ್ಷಿಸಿ 1909ರಲ್ಲಿ ಅವುಗಳ ಘಟಕಗಳನ್ನೂ ತಯಾರಿಕೆಯ ಅಲ್ಪ ವೆಚ್ಚವನ್ನೂ ಪುಸ್ತಕವಾಗಿ ಪ್ರಕಟಿಸಿದಾಗ, ಹಲವು ಪತ್ರಿಕೆಗಳು ಆ ಪುಸ್ತಕದ ಜಾಹೀರಾತನ್ನೇ ನಿರಾಕರಿಸಿದವು.