ಸುತ್ತ ಮನೆ, ನಡುವೆ ಒಂದು ಖಾಲಿ ಸೈಟು: ಮೊದಲ ಸಲ ಕೊಳ್ಳುವವನು ಏನು ನೋಡಬೇಕು?

ಹೊಸಬ:
ಮನೆ ಕೊಂಡು ಬಾಡಿಗೆಗೆ ಬಿಡುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಹಾಗಾಗಿ ನಗರದೊಳಗೆ ಖಾಲಿ ಸೈಟು ಹುಡುಕುತ್ತಿದ್ದೇನೆ. ಒಂದು ಸಿಕ್ಕಿದೆ. 6 ಮೀಟರ್ ಅಗಲ, 20 ಮೀಟರ್ ಉದ್ದ. ಅಕ್ಕಪಕ್ಕ ಎಲ್ಲ ಮನೆ ಎದ್ದಿವೆ, ಇದೊಂದೇ ಖಾಲಿ. ಸುತ್ತಲಿನ ದರಕ್ಕಿಂತ ಕಾಲು ಭಾಗ ಕಡಿಮೆಗೆ ಕೊಡುತ್ತಾರಂತೆ. ಬಾಡಿಗೆದಾರರ ಕಾಟ ಇಲ್ಲ, ರಿಪೇರಿ ಇಲ್ಲ. ಆರು ವರ್ಷ ಸುಮ್ನೆ ಇಟ್ಟು ಮಾರಿದರೆ ಆಯ್ತು, ಅಲ್ವಾ?

ಅಳತೆಪಟ್ಟಿ:
ಎಲ್ಲರೂ ಕಟ್ಟಿಕೊಂಡಿರುವಾಗ ಇದೊಂದು ಯಾಕೆ ಖಾಲಿ ಉಳಿಯಿತು? ಅದನ್ನು ಮೊದಲು ಕೇಳಿ. ಮಾರುವವರನ್ನಲ್ಲ, ಪಕ್ಕದ ಮನೆಯವರನ್ನು.

ನಾನು ಕೇಳಿರಲಿಲ್ಲ. ನನ್ನ ಮೊದಲ ಸೈಟನ್ನು ಬೇಸಿಗೆಯಲ್ಲಿ ನೋಡಿದೆ, ಒಣಗಿ ಚೆನ್ನಾಗಿತ್ತು. ಕೊಂಡ ಮೇಲೆ ಮೊದಲ ದೊಡ್ಡ ಮಳೆಗೆ ಹೋದರೆ ಬೀದಿಯ ನೀರೆಲ್ಲ ಅಲ್ಲೇ ನಿಂತಿತ್ತು. ರಸ್ತೆಗಿಂತ ಅರ್ಧ ಮೀಟರ್ ತಗ್ಗು. ಪಕ್ಕದ ಮನೆಯ ಅಜ್ಜಿ, "ಇಲ್ಲಿ ಮೊದಲಿಂದಲೂ ಹೀಗೇ, ನೀವು ಕೇಳಲೇ ಇಲ್ವಲ್ಲ" ಅಂದರು. ಸರಿ, ಮಣ್ಣು ತುಂಬಿಸೋಣ ಎಂದು ಒಂದು ಮೂಲೆ ಅಗೆಸಿದೆ. ಕೆಳಗೆ ಹಳೇ ಮನೆಯ ಪಾಯ, ಇಟ್ಟಿಗೆ ಚೂರು, ಮುರಿದ ಸಿಂಕು! ಕೆಡವಿದವರು ಎಲ್ಲವನ್ನೂ ಅಲ್ಲೇ ಹೂತು ಮೇಲೆ ಮಣ್ಣು ಎಳೆದಿದ್ದರು. ಅಂಥ ನೆಲದ ಮೇಲೆ ಹಾಗೇ ಕಟ್ಟಿದರೆ ಒಂದು ಕಡೆ ಕುಸಿದು ಗೋಡೆ ಬಿರುಕು ಬಿಡುತ್ತದೆ. ಎಲ್ಲ ತೆಗೆಸಿ, ಗಟ್ಟಿ ನೆಲ ಸಿಗುವ ತನಕ ಇಳಿಯಬೇಕಾಯಿತು. ಕಡಿಮೆಗೆ ಸಿಕ್ಕಿತು ಎಂದು ಹಿಗ್ಗಿದ್ದೆನಲ್ಲ, ಆ ಉಳಿತಾಯ ಗುಂಡಿಯೊಳಗೇ ಹೋಯಿತು.

ನಿಮ್ಮದರ ಅಗಲ ನೋಡಿ. ಎರಡೂ ಬದಿಗೆ ಒಂದೂವರೆ ಮೀಟರ್ ಬಿಡಬೇಕು ಎಂಬ ನಿಯಮ ಇದ್ದರೆ ಉಳಿಯುವುದು 3 ಮೀಟರ್. ಗೋಡೆಯ ದಪ್ಪವೂ ಅದರಲ್ಲೇ. ಅದು ಮನೆಯಲ್ಲ, ರೈಲು ಬೋಗಿ. ನಿಜವಾಗಿ ಎಷ್ಟು ಬಿಡಬೇಕು ಎಂದು ಕಟ್ಟಡ ಪರವಾನಗಿ ಕೊಡುವ ಕಚೇರಿಯಲ್ಲೇ ವಿಚಾರಿಸಿ. ನೀವು ಕಟ್ಟದೆ ಇರಬಹುದು. ನಿಮ್ಮಿಂದ ಕೊಳ್ಳುವವರು ಕಟ್ಟುವುದಕ್ಕೇ ಕೊಳ್ಳುತ್ತಾರೆ.

ಹೊಸಬ:
ರೈಲು ಬೋಗಿ ಅಂದಿದ್ದಕ್ಕೆ ನಗು ಬಂತು, ಆಮೇಲೆ ಭಯವೂ ಆಯಿತು. ಪತ್ರ ಎಲ್ಲ ಸರಿ ಇದೆ ಅಂತ ಬ್ರೋಕರ್ ಹೇಳಿದ್ದಾರೆ. ಸ್ವಲ್ಪ ಸಾಲ ಮಾಡಿ ಕೊಂಡರೆ?

ಮೂಲೆಮನೆ:
ವ್ಯಾಪಾರ ಆದರೆ ಮಾತ್ರ ಬ್ರೋಕರ್‌ಗೆ ಕಮಿಷನ್. ಪತ್ರ ಓದಿಸಲು ನಿಮ್ಮದೇ ವಕೀಲರನ್ನು ಹಿಡಿಯಿರಿ. ಸರ್ವೇಯರ್ ಕರೆಸಿ ನೆಲದ ಮೇಲೆ ಅಳೆಸಿ. ಪತ್ರದಲ್ಲಿ 6 ಮೀಟರ್ ಇದ್ದು, ಪಕ್ಕದವರ ಕಾಂಪೌಂಡು ಒಂದು ಅಡಿ ಒಳಗೆ ಬಂದಿರುವುದು ಹೊಸದೇನಲ್ಲ.

ಸಾಮಾನ್ಯವಾಗಿ ಖಾಲಿ ಜಾಗಕ್ಕೆ ಬ್ಯಾಂಕು ಮನೆಗೆ ಕೊಡುವಷ್ಟು ಸಾಲ ಕೊಡುವುದಿಲ್ಲ, ಕೈಯಿಂದ ಜಾಸ್ತಿ ಹಾಕಬೇಕು. ಸೈಟು ಸುಮ್ನೆ ಕೂತಿರುತ್ತದೆ ಅನ್ನುವುದೂ ತಪ್ಪು. ತೆರಿಗೆ, ಬೇಲಿ, ಕಳೆ, ರಾತ್ರೋರಾತ್ರಿ ಯಾರೋ ಸುರಿದು ಹೋಗುವ ಕಸ, ಎಲ್ಲಕ್ಕೂ ನಿಮ್ಮ ಜೇಬೇ. ಉದಾಹರಣೆಗೆ ಬಡ್ಡಿಗೆ ವರ್ಷಕ್ಕೆ 9%, ಇವಕ್ಕೆ 1% ಎಂದುಕೊಳ್ಳಿ. ಎರಡೂ ಸೇರಿ 10%, ಅದೂ ಚಕ್ರಬಡ್ಡಿಯ ಹಾಗೆ ವರ್ಷ ವರ್ಷ ಬೆಳೆಯುತ್ತದೆ. ಆರು ವರ್ಷದಲ್ಲಿ ಬೆಲೆ 1.77 ಪಟ್ಟು ಆದರೆ ನೀವು ಹೊರಟ ಜಾಗಕ್ಕೆ ವಾಪಸ್ ಬಂದ ಹಾಗೆ. ಲಾಭ ಅದರಾಚೆ. ಎಲ್ಲವೂ ಸ್ವಂತ ದುಡ್ಡು ಅಂದರೂ ಠೇವಣಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿಯನ್ನು ಲೆಕ್ಕ ಹಿಡಿಯಿರಿ. ಬಾಡಿಗೆ ಮನೆಯ ಕಾಟ ಕಾಟವೇ, ಆದರೆ ತಿಂಗಳಿಗೊಮ್ಮೆ ಏನಾದರೂ ಕೊಡುತ್ತದೆ.

ಅಳತೆಪಟ್ಟಿ:
ಒಂದು ಮಾತು ಬಿಟ್ಟೆ. ಇಷ್ಟು ಕಿರಿದಾದ ಸೈಟಿಗೆ ಎಲ್ಲರಿಗಿಂತ ಜಾಸ್ತಿ ಬೆಲೆ ಕೊಡಬಲ್ಲವರು ಪಕ್ಕದ ಮನೆಯವರು. ಅವರದ್ದಕ್ಕೆ ಸೇರಿಸಿಕೊಂಡರೆ ಅಗಲದ ಸಮಸ್ಯೆಯೇ ಇರುವುದಿಲ್ಲ. ಅವರೂ ಬೇಡ ಅಂದಿದ್ದಾರಾ? ಹಾಗಿದ್ದರೆ ಯಾಕೆ?

ಹೊಸಬ:
ಇವತ್ತು ಬೆಳಿಗ್ಗೆ ಹೋಗಿ ಕೇಳಿದೆ. ಹಿಂದಿನ ನಾಲ್ಕು ಮನೆಗಳ ಒಳಚರಂಡಿ ಪೈಪು ಆ ಸೈಟಿನ ನಡುವೆಯೇ ಹೋಗಿದೆಯಂತೆ.

ಅಳತೆಪಟ್ಟಿ:
ಅಡ್ವಾನ್ಸ್ ಕೊಟ್ಟಿಲ್ಲ ತಾನೇ?