ಬೆಂಕಿ ಬಿದ್ದ ಜಾಗದ ಬೂದಿಯಲ್ಲಿ ಪೆಟ್ರೋಲ್ ಹುಡುಕುವುದು: ಪ್ರಶ್ನೋತ್ತರ

ಉತ್ತರಿಸುವವರು: ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಬೆಂಕಿ ಕೇಸುಗಳ ರಸಾಯನ ಪರೀಕ್ಷೆ ಮಾಡುವ ಮೇಡಂ

ದಾವಣಗೆರೆ ಸದಸ್ಯ: ನಮಸ್ಕಾರ ಮೇಡಂ. ಅಣ್ಣನ ಚಪ್ಪಲಿ ಅಂಗಡಿಗೆ ರಾತ್ರಿ ಬೆಂಕಿ ಬಿತ್ತು. ಬೂದಿಯಲ್ಲಿ ಟೊಲ್ಯೂಯಿನ್ ಅನ್ನುವ, ಪೆಟ್ರೋಲ್‌ನಲ್ಲಿ ಇರುವ ರಾಸಾಯನಿಕ ಸಿಕ್ಕಿದೆ, ನೀವೇ ಪೆಟ್ರೋಲ್ ಸುರಿದು ಹಚ್ಚಿದ್ದೀರಿ ಅಂತ ವಿಮೆಯವರು ದುಡ್ಡು ತಡೆಹಿಡಿದಿದ್ದಾರೆ. ಅಂಗಡಿ ಹಿಂದೆ ಸೋಲ್ ಅಂಟಿಸುವ ಕೆಲಸವೂ ನಡೆಯುತ್ತಿತ್ತು.

ಮೇಡಂ: ಟೊಲ್ಯೂಯಿನ್ ಒಂದನ್ನೇ ಹಿಡಿದು ಪೆಟ್ರೋಲ್ ಅನ್ನುವಂತಿಲ್ಲ. ಸೋಲ್ ಅಂಟಿಸುವ ಸೊಲ್ಯೂಷನ್‌ನಲ್ಲೇ ಅದು ಇರಬಹುದು. ರಬ್ಬರ್, ಫೋಮ್ ಸುಟ್ಟರೂ ಬರುತ್ತದೆ, ಜೊತೆಗೆ ಸ್ಟೈರೀನ್ ಅನ್ನುವ ಇನ್ನೊಂದು ರಾಸಾಯನಿಕವೂ. ನಾವು ಬೂದಿಯ ಡಬ್ಬಿಯೊಳಗೆ ಇದ್ದಿಲಿನ ಪಟ್ಟಿ ನೇತುಹಾಕಿ, ಮುಚ್ಚಳ ಬಿಗಿದು, 60ರಿಂದ 80 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಡುತ್ತೇವೆ. ಆವಿ ಪಟ್ಟಿಗೆ ಹಿಡಿಯುತ್ತದೆ. ಅದನ್ನು ದ್ರಾವಕದಲ್ಲಿ ಬಿಡಿಸಿ, ಬೆರೆತ ರಾಸಾಯನಿಕಗಳನ್ನು ಬೇರೆ ಮಾಡಿ ಗುರುತಿಸುವ ಜಿಸಿ-ಎಂಎಸ್ ಯಂತ್ರಕ್ಕೆ ಕೊಡುತ್ತೇವೆ. ಪೆಟ್ರೋಲ್ ಆದರೆ ಯಂತ್ರ ಬರೆಯುವ ನಕ್ಷೆಯಲ್ಲಿ ಈಥೈಲ್ ಟೊಲ್ಯೂಯಿನ್, ಟ್ರೈಮಿಥೈಲ್ ಬೆಂಜೀನ್ ಅನ್ನುವ ರಾಸಾಯನಿಕಗಳ ಐದು ಶಿಖರ ತಮ್ಮದೇ ಅಳತೆಯಲ್ಲಿ ಒಟ್ಟಿಗೆ ಕಾಣಬೇಕು. ಅದರಾಚೆ ಇಂಡೇನ್, ನ್ಯಾಫ್ತಲೀನ್ ಬಳಗದ ರಾಸಾಯನಿಕಗಳನ್ನೂ ನೋಡುತ್ತೇವೆ. ಆ ನಕ್ಷೆಯ, ಅಂದರೆ ಕ್ರೊಮಟೋಗ್ರಾಂನ, ನಕಲು ಕೇಳಿ. ಸುಡದ ಮೂಲೆಯ ಚಪ್ಪಲಿ, ಸೊಲ್ಯೂಷನ್ ಎರಡನ್ನೂ ಹೋಲಿಕೆಗೆ ಕಳಿಸಿದ್ದರಾ? ಇಲ್ಲದಿದ್ದರೆ ಯಾವ ಆಧಾರದ ಮೇಲೆ ಹೊರಿಸಿದರು? ಇಂಥದ್ದು ಕೇಳಿದರೆ ಸಂಕಟವಾಗುತ್ತದೆ. ಬೂದಿಯನ್ನು ಯಾವುದರಲ್ಲಿ ಕಟ್ಟಿದ್ದರು?

ದಾವಣಗೆರೆ ಸದಸ್ಯ: ತರಕಾರಿ ಕವರ್‌ನಲ್ಲಿ ಮೇಡಂ. ಬಾಯಿಗೆ ಗಂಟು ಹಾಕಿ ಗಾಡಿಯ ಹಿಂದೆ ಇಟ್ಟರು. ಪಕ್ಕದಲ್ಲೇ ಪೆಟ್ರೋಲ್ ಕ್ಯಾನ್ ಇತ್ತು.

ಮೇಡಂ: ಅಯ್ಯೋ! ತೆಳು ಪಾಲಿಥೀನ್ ಮೂಲಕ ಆವಿ ಹೊರಗೂ ಹೋಗುತ್ತದೆ, ಒಳಗೂ ಬರುತ್ತದೆ. ಹೊಸ ತಗಡಿನ ಡಬ್ಬಿ, ಗಾಜಿನ ಭರಣಿ ಇಲ್ಲವೇ ನೈಲಾನ್ ಚೀಲ ಬೇಕು. ವಕೀಲರಿಗೆ ಇವತ್ತೇ ಹೇಳಿ.

ಶಿರಸಿ ಸದಸ್ಯೆ: ಬೂದಿಗೆ ನೀರು ಹಾಕಿದಾಗ ಕಾಮನಬಿಲ್ಲಿನ ಬಣ್ಣ ತೇಲಿದರೆ ಪೆಟ್ರೋಲೇ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಮೇಡಂ: ಮರ, ಪ್ಲಾಸ್ಟಿಕ್ ಸುಟ್ಟಿದ್ದರೂ ಆ ಬಣ್ಣ ತೇಲುತ್ತದೆ. ಬೂದಿಗೆ ನೀರು ಹಾಕಬೇಡಿ. ಇದನ್ನು ಫಾರ್ವರ್ಡ್ ಮಾಡಬೇಡಿ.

ಮಂಡ್ಯ ಸದಸ್ಯ: ರಿಪೋರ್ಟಿಗೆ ಎಷ್ಟು ದಿನ ಮೇಡಂ?

ಮೇಡಂ: ತನಿಖಾಧಿಕಾರಿಯನ್ನು ಕೇಳಿ.

ಬಳ್ಳಾರಿ ಸದಸ್ಯ: ಯಂತ್ರ ಯಾಕೆ? ನೆಲದಲ್ಲಿ ಹರಿದ ಹಾಗೆ ಸುಟ್ಟ ಗುರುತು ಇದ್ದರೆ ಸುರಿದಿದ್ದಾರೆ ಅಂತಲೇ. ನಾನು ಫೈರ್ ಸರ್ವಿಸ್‌ನಲ್ಲಿದ್ದವನು.

ಹುಬ್ಬಳ್ಳಿ ವಕೀಲ: ಟೆಕ್ಸಾಸ್‌ನ ಕ್ಯಾಮೆರಾನ್ ಟಾಡ್ ವಿಲ್ಲಿಂಗ್‌ಹ್ಯಾಮ್ ಕೇಸಿನಲ್ಲೂ ಹೀಗೇ ಹೇಳಿದ್ದರು. 1991ರಲ್ಲಿ ಮನೆಗೆ ಬೆಂಕಿ, ಮೂರು ಮಕ್ಕಳ ಸಾವು. 2004ರಲ್ಲಿ ತಂದೆಗೆ ಮರಣದಂಡನೆ. ಆ ಗುರುತುಗಳಿಂದ ಹಾಗೆ ಹೇಳಲು ಬರುವುದಿಲ್ಲ ಅಂತ ಬೆಂಕಿ ತಜ್ಞರು ಹೇಳಿದ್ದಾರೆ.

ಬಳ್ಳಾರಿ ಸದಸ್ಯ: ಅಮೆರಿಕದ ಕಥೆ ಇಲ್ಲಿ ಬೇಡ.

ಹುಬ್ಬಳ್ಳಿ ವಕೀಲ: ಅಲ್ಲಿನ ಬೆಂಕಿ ಬೇರೆ, ಇಲ್ಲಿನದು ಬೇರೆನಾ?

ಬಳ್ಳಾರಿ ಸದಸ್ಯ: ಕೋರ್ಟಿನಲ್ಲಿ ಕೂತವರಿಗೆ ಬೆಂಕಿಯ ವಿಷಯ ಏನು ಗೊತ್ತು?

ಮೇಡಂ: ಇಬ್ಬರೂ ನಿಲ್ಲಿಸಿ. ಕೋಣೆ ಪೂರ್ತಿ ಒಮ್ಮೆಲೇ ಹೊತ್ತಿಕೊಂಡರೆ, ಏನೂ ಸುರಿಯದೆಯೂ ನೆಲದಲ್ಲಿ ಅಂಥ ಗುರುತು ಬೀಳುತ್ತದೆ. ಹಾಗೆಯೇ ರಿಪೋರ್ಟಿನಲ್ಲಿ ಏನೂ ಸಿಗಲಿಲ್ಲ ಅಂತ ಬಂದರೆ ಸುರಿದೇ ಇಲ್ಲ ಅಂತಲೂ ಅಲ್ಲ, ಎಲ್ಲ ಉರಿದು ಹೋಗಿರಬಹುದು.

ವಿಜಯಪುರ ಸದಸ್ಯ: ಸ್ಯಾನಿಟೈಸರ್ ಸುರಿದಿದ್ದರೆ ಪತ್ತೆ ಆಗುತ್ತಾ?

ತುಮಕೂರು ಸದಸ್ಯ: ಮೇಡಂ, ರಿಪೋರ್ಟ್ ಯಾವಾಗ ಬರುತ್ತೆ?

ಮೇಡಂ: ಮೇಲೆ ಹೇಳಿದ್ದೇನೆ. ಓದಿ.

ದಾವಣಗೆರೆ ಸದಸ್ಯ: ಮೇಡಂ, ಅದೇ ಸೊಲ್ಯೂಷನ್‌ನ ಸೀಲ್ ಒಡೆಯದ ಡಬ್ಬಿ ಒಂದು ಅಂಗಡಿಯಲ್ಲಿ ಉಳಿದಿದೆ. ಮನೆಗೆ ತರಲಾ?

ಮೇಡಂ: ಮುಟ್ಟಬೇಡಿ. ಇದ್ದಲ್ಲೇ ಫೋಟೋ ತೆಗೆಯಿರಿ. ತನಿಖಾಧಿಕಾರಿಗೆ ಅರ್ಜಿ ಬರೆದು ಕೊಟ್ಟು ಅವರ ಕೈಯಲ್ಲೇ ತೆಗೆಸಿ, ಮಹಜರಿನಲ್ಲಿ ಬರೆಸಿ. ಸುಡದ ಚಪ್ಪಲಿ ಬೇರೆ ಡಬ್ಬಿಯಲ್ಲಿ ಇರಲಿ.