ಪಾಠ ರೆಕಾರ್ಡ್ ಮಾಡಲು ಡೈಸಿ ಪ್ಲೇಯರ್ ಸಾಕಾ, ಫೋನೇ ವಾಸಿನಾ?

ಕಿವಿಯೋದು:
ಎಲ್ಲರಿಗೂ ನಮಸ್ಕಾರ. ನನಗೆ ಕಣ್ಣು ಕಾಣುವುದಿಲ್ಲ, ಕಾನೂನು ಓದುತ್ತಿದ್ದೇನೆ. ಪುಸ್ತಕ ಕೇಳಲು ಜೇಬಿನಲ್ಲಿ ಹಿಡಿಯುವಂಥ ಡೈಸಿ ಪ್ಲೇಯರ್ ಇದೆ (ಡೈಸಿ ಅಂದರೆ ಅಧ್ಯಾಯದಿಂದ ಅಧ್ಯಾಯಕ್ಕೆ ದಾಟುತ್ತಾ ಕೇಳಬಹುದಾದ ಧ್ವನಿಪುಸ್ತಕದ ರೂಪ). ಅದರಲ್ಲಿ ರೆಕಾರ್ಡ್ ಬಟನ್ ಕೂಡ ಇದೆ, ಇದುವರೆಗೆ ಒತ್ತಿಲ್ಲ. ಪಾಠವೆಲ್ಲ ಫೋನಿನಲ್ಲೇ ರೆಕಾರ್ಡ್ ಆಗುತ್ತಿದೆ. ಫೋನ್ ಮುಟ್ಟಿದಾಗಲೆಲ್ಲ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಾಯಿ ಹಾಕುತ್ತದೆ, ಅದೂ ಪಾಠದೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಒಂದು ಗಂಟೆಯ ಪಾಠದಲ್ಲಿ ಬೇಕಾದ ಎರಡು ವಾಕ್ಯ ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತದೆ. ಪ್ಲೇಯರ್‌ನಲ್ಲಿ ಮಾಡಿದರೆ ಏನಾದರೂ ಲಾಭ ಇದೆಯಾ? ಅದರ ಮೈಕ್ ಸುಮಾರು ಅಂತ ಗೆಳೆಯರು ಹೇಳುತ್ತಾರೆ.

ಹಳೇ ಟೇಪು:
ನಾನೂ ಕಾಣದವನೇ. ಕ್ಯಾಸೆಟ್ ಕಾಲದಿಂದ ರೆಕಾರ್ಡ್ ಮಾಡುತ್ತಾ ಬಂದವನು. ನನ್ನ ಓಟು ಪ್ಲೇಯರ್‌ಗೆ. ಮೈಕ್ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳುವುದು ಸುಳ್ಳಲ್ಲ, ಹೊಸ ಫೋನುಗಳ ಮೈಕ್ ಚೆನ್ನಾಗಿಯೇ ಇರುತ್ತದೆ. ಆದರೆ ನಮಗೆ ಬೇಕಾಗಿರುವುದು ಸಿನಿಮಾ ಧ್ವನಿ ಅಲ್ವಲ್ಲ. ಮಾತು ತಿಳಿಯಬೇಕು, ಬೇಕಾದ ಜಾಗ ಥಟ್ಟನೆ ಸಿಗಬೇಕು.

ವಿಕ್ಟರ್ ರೀಡರ್ ಸ್ಟ್ರೀಮ್‌ನಂಥ ಸಾಧನಗಳಲ್ಲಿ ರೆಕಾರ್ಡ್ ಬಟನ್ ಬದಿಯಲ್ಲಿ ಬೇರೆಯಾಗಿಯೇ ಇರುತ್ತದೆ. ಜೇಬಿನೊಳಗೇ ಬೆರಳಿಗೆ ಸಿಗುತ್ತದೆ. ಪ್ಲೆಕ್ಸ್‌ಟಾಕ್ ಪಾಕೆಟ್ ಅನ್ನುವ ಇನ್ನೊಂದು ಪ್ಲೇಯರ್‌ನಲ್ಲಿ ಡೈಸಿ ರೂಪದಲ್ಲೇ ರೆಕಾರ್ಡ್ ಮಾಡಿ, ನಡುವೆ ಶೀರ್ಷಿಕೆ ಇಡಬಹುದಿತ್ತು. ಮೇಷ್ಟ್ರು ಹೊಸ ವಿಷಯ ಶುರು ಮಾಡಿದರು ಅನ್ನಿ, ಒಂದು ಶೀರ್ಷಿಕೆ. ಆಮೇಲೆ ಪುಸ್ತಕದ ಅಧ್ಯಾಯ ದಾಟಿದ ಹಾಗೆ ಪಾಠದಲ್ಲೂ ದಾಟುತ್ತಾ ಹೋಗಬಹುದು. ನಿಮ್ಮ ಪ್ಲೇಯರ್‌ನಲ್ಲಿ ಇದು ಇಲ್ಲದಿದ್ದರೆ, ಮನೆಗೆ ಬಂದ ಮೇಲೆ ಒಮ್ಮೆ ಕೇಳುತ್ತಾ ಬುಕ್‌ಮಾರ್ಕ್ ಹಾಕಿಕೊಳ್ಳಿ. ಅದನ್ನು ಮುಂದಕ್ಕೆ ಹಾಕಿದರೆ ಯಾವತ್ತೂ ಆಗುವುದಿಲ್ಲ, ಬರೆದಿಟ್ಟುಕೊಳ್ಳಿ.

ಮೊದಲು ಮೈಕ್ ಎಲ್ಲಿದೆ ಅಂತ ಪತ್ತೆ ಮಾಡಿ. ಆ ತೂತು ಸೂಜಿಮೊನೆಯಷ್ಟು, ಬೆರಳಿಗೆ ಸಿಗುವುದಿಲ್ಲ. ರೆಕಾರ್ಡಿಂಗ್ ಶುರು ಮಾಡಿ, ಪ್ಲೇಯರ್‌ನ ಅಂಚಿನ ಸುತ್ತ ಉಗುರಿನಿಂದ ಮೆಲ್ಲಗೆ ಕೆರೆಯುತ್ತಾ ಬನ್ನಿ. "ಮೇಲೆ ಎಡಗಡೆ", "ಮೇಲೆ ಬಲಗಡೆ" ಅಂತ ಬಾಯಲ್ಲೂ ಹೇಳುತ್ತಾ ಹೋಗಿ. ಕೇಳುವಾಗ ಎಲ್ಲಿ ಕರಕರ ಜೋರಾಗಿದೆಯೋ ಅದೇ ಜಾಗ. ಎಷ್ಟೋ ಜನ ಹೆಬ್ಬೆರಳನ್ನು ಸರಿಯಾಗಿ ಅದರ ಮೇಲೆಯೇ ಇಟ್ಟು, ಪ್ಲೇಯರ್ ಸರಿಯಿಲ್ಲ ಅಂತ ಬೈಯುತ್ತಾರೆ.

ಮೇಜಿನ ಮೇಲೆ ಬರೀ ಇಡಬೇಡಿ. ಪಕ್ಕದವರು ಪೆನ್ನು ಇಟ್ಟರೂ ಗುಂಡು ಹೊಡೆದಂತೆ ಕೇಳುತ್ತದೆ. ಮಡಿಸಿದ ಕರ್ಚೀಫ್ ಕೆಳಗಿಡಿ.

ಶುರುವಿನಲ್ಲಿ ತಾರೀಖು, ವಿಷಯ ಬಾಯಲ್ಲೇ ಹೇಳಿ. ಫೈಲಿಗೆ ಪ್ಲೇಯರ್ ಸಾಮಾನ್ಯವಾಗಿ ಬರೀ ನಂಬರ್ ಕೊಡುತ್ತದೆ. ಹಾಂ, ಮೇಷ್ಟ್ರಿಗೆ ಮೊದಲೇ ಒಂದು ಮಾತು ಹೇಳಿರಿ.

ತಂಬೂರಿ:
ನಾನು ಸಂಗೀತ ಪಾಠಕ್ಕೆ ಬಳಸುವುದು, ಅದಕ್ಕೇ ಸ್ವಲ್ಪ ಬೇರೆ ಮಾತು. ಸೆಟ್ಟಿಂಗ್‌ನಲ್ಲಿ ತಾನೇ ಧ್ವನಿ ಏರಿಸಿ ಇಳಿಸುವ ಆಯ್ಕೆ ಇದ್ದರೆ ಮಾತಿಗೆ ಇರಲಿ, ಹಾಡಿಗೆ ಬೇಡ. ಮೆಲ್ಲಗೆ ಹಾಡಿದ್ದನ್ನೂ ಜೋರಾಗಿ ಹಾಡಿದ್ದನ್ನೂ ಒಂದೇ ಮಟ್ಟಕ್ಕೆ ತಂದು ಕೆಡಿಸುತ್ತದೆ. ಹಾಡಿಗೆ, ಧ್ವನಿಯನ್ನು ಕುಗ್ಗಿಸದೆ ಇದ್ದ ಹಾಗೇ ಇಡುವ ವೇವ್ ಫೈಲ್ ಒಳ್ಳೆಯದು, ಆದರೆ ಸಿಡಿ ಗುಣಮಟ್ಟದ ಸ್ಟೀರಿಯೋ ಆದರೆ ಗಂಟೆಗೆ ಸುಮಾರು 635 ಎಂಬಿ ತಿನ್ನುತ್ತದೆ. ನಿಮ್ಮ ಪಾಠಕ್ಕೆ 64 ಕೆಬಿಪಿಎಸ್ ಎಂಪಿ3 ಧಾರಾಳ ಸಾಕು. ಗಂಟೆಗೆ 29 ಎಂಬಿ ಅಷ್ಟೇ.

ಕಿವಿಯೋದು:
ಉಗುರಿನ ಉಪಾಯ ಕೆಲಸ ಮಾಡಿತು! ನನ್ನದರ ಮೈಕ್ ಮೇಲಂಚಿನಲ್ಲಿ, ಇಯರ್‌ಫೋನ್ ತೂತಿನ ಪಕ್ಕ. ಇನ್ನೊಂದು ಅನುಮಾನ. ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ ಅಂತ ನಡುವೆ ಗೊತ್ತಾಗುವುದು ಹೇಗೆ? ಕೆಂಪು ದೀಪ ಉರಿಯುತ್ತದಂತೆ. ನನಗೇನು ಪ್ರಯೋಜನ?

ಹಳೇ ಟೇಪು:
ದೀಪದ ಕಥೆ ಬಿಡಿ, ಅದು ಪಕ್ಕದವರಿಗೆ. ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ. ರೆಕಾರ್ಡ್ ಆಗುವಾಗ ಮೈಕ್‌ಗೆ ಬೀಳುವ ಧ್ವನಿ ನಿಮ್ಮ ಪ್ಲೇಯರ್‌ನಲ್ಲಿ ಇಯರ್‌ಫೋನಿಗೂ ಬರುತ್ತದಾ ನೋಡಿ. ಬಂದರೆ ಮೇಷ್ಟ್ರ ದನಿ ಅದರಲ್ಲಿ ಕೇಳುವಷ್ಟು ಹೊತ್ತೂ ನಿಶ್ಚಿಂತೆ. ಬೀಪ್, ಪ್ಲೇಯರ್‌ನ ಮಾತು ಕೂಡ ಸ್ಪೀಕರ್ ಬಿಟ್ಟು ಕಿವಿಗೇ ಹೋಗುವುದರಿಂದ ರೆಕಾರ್ಡಿಂಗ್ ಒಳಗೆ ಸೇರುವುದಿಲ್ಲ. ಫೋನಿನಲ್ಲೂ ಇದನ್ನೇ ಮಾಡಬಹುದು. ಆದರೆ ಬ್ಲೂಟೂತ್ ಇಯರ್‌ಫೋನ್ ಬೇಡ, ಕೆಲವು ಆ್ಯಪ್‌ಗಳು ಅದರ ಮೈಕ್‌ಗೇ ಹಾರಿಬಿಡುತ್ತವೆ. ಆಗ ನಿಮ್ಮ ಉಸಿರು ಜೋರು, ಮೇಷ್ಟ್ರು ಎಲ್ಲೋ ದೂರ.

ಬ್ಯಾಟರಿ ಪೂರ್ತಿ ಇದೆಯಾ ಅಂತ ತರಗತಿಗೆ ಮೊದಲೇ ನೋಡಿ. ವೇವ್ ಫೈಲಿನ ಅಳತೆ ತಲೆಭಾಗದಲ್ಲಿ ದಾಖಲಾಗುವುದು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗ. ನಡುವೆಯೇ ಚಾರ್ಜ್ ಮುಗಿದರೆ ಫೈಲ್ ಖಾಲಿ ಅನ್ನುವಂತೆ ತೋರಿಸಬಹುದು. ಎಂಪಿ3 ಆದರೆ ಅಲ್ಲಿಯವರೆಗಿನದು ಹೆಚ್ಚಾಗಿ ಉಳಿಯುತ್ತದೆ. ಹಾಗೇನಾದರೂ ಆದರೆ ಫೈಲ್ ಅಳಿಸಬೇಡಿ, ಅದೇ ಕಾರ್ಡಿನಲ್ಲಿ ಮತ್ತೆ ರೆಕಾರ್ಡೂ ಮಾಡಬೇಡಿ. ಕಂಪ್ಯೂಟರ್‌ನಲ್ಲಿ ಸರಿಪಡಿಸುವ ದಾರಿ ಇದೆ, ಇಲ್ಲೇ ಕೇಳಿ, ಹೇಳುತ್ತೇನೆ.